ರೊಕ್ಕ ಬ್ಯಾಡ್ರಿ, ಇನ್ನೊಬ್ಬರನ್ನ ಕರಕೊಂಡು ಬರ್ರಿ

"ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿರೋ ಮಗುವಿಗೆ ಪ್ಲೇಟ್‌ಲೆಟ್ ಬೇಕು, ಅರ್ಜೆಂಟ್." ಆಫೀಸ್ ಗ್ರೂಪಿಗೆ ಈ ಮೆಸೇಜ್ ಬಂದಾಗ ಎಲ್ಲರ ಹಾಗೆ ನಾನೂ ಫಾರ್ವರ್ಡ್ ಮಾಡಿ ಸುಮ್ಮನಾದೆ. ಸಂಜೆ ಅದೇ ಮೆಸೇಜ್ ಮತ್ತೆ ಬಂತು. ಆಗ ಹೋದೆ.

ತೋಳಿನಿಂದ ರಕ್ತ ಯಂತ್ರಕ್ಕೆ ಹೋಗುತ್ತೆ, ಅದು ಪ್ಲೇಟ್‌ಲೆಟ್ ಮಾತ್ರ ಬೇರ್ಪಡಿಸಿಕೊಂಡು ಉಳಿದದ್ದನ್ನು ನಮಗೇ ವಾಪಸ್ ಕೊಡುತ್ತೆ. ಸುಮಾರು ಒಂದೂವರೆ ಗಂಟೆ. ನಡುವೆ ತುಟಿ ಜುಮ್ಮೆಂದಿತು, ಕ್ಯಾಲ್ಸಿಯಂ ಮಾತ್ರೆ ಕೊಟ್ಟರು, ಅಷ್ಟೇ.

ಹೊರಗೆ ಹುಡುಗನ ಅಪ್ಪ ನಿಂತಿದ್ದರು. ರಾಯಚೂರು ಕಡೆಯವರು, ಮಗನಿಗೆ ರಕ್ತದ ಕ್ಯಾನ್ಸರ್. ಕೀಮೋ ಕೊಟ್ಟಾಗ ಮೂಳೆ ಮಜ್ಜೆ ಸೊರಗಿ ಪ್ಲೇಟ್‌ಲೆಟ್ ಕುಸಿಯುತ್ತೆ. ತೀರಾ ಕಡಿಮೆಯಾದರೆ ಪೆಟ್ಟು ಬೀಳದೆಯೂ ರಕ್ತಸ್ರಾವ ಆಗಬಹುದು. ನಾನು ಪರ್ಸ್ ತೆಗೆದೆ. ಅವರು ತಡೆದರು. "ರೊಕ್ಕ ಬ್ಯಾಡ್ರಿ ಸರ. ಔಷಧ ಬಿಪಿಎಲ್ ಕಾರ್ಡ್ ಮ್ಯಾಲ ನಡದೈತಿ. ಈ ಊರಾಗ ನಮಗ ಗುರ್ತಿನವರು ಯಾರೂ ಇಲ್ರಿ. ಇನ್ನೊಬ್ಬರನ್ನ ಕರಕೊಂಡು ಬರ್ರಿ."

ಮರುದಿನ ಟೀಮಿನಲ್ಲಿ ಹೇಳಿದೆ. "ಶನಿವಾರ ಎಲ್ಲರೂ ಒಟ್ಟಿಗೆ ಹೋಗೋಣ, ಕ್ಯಾಂಪ್ ಥರ" ಅಂದರು. ಫೋಟೋಗೆ ಅದು ಚೆನ್ನ. ಆದರೆ ಪ್ಲೇಟ್‌ಲೆಟ್ ಉಳಿಯೋದು 5 ದಿನ. ಒಂದೇ ದಿನ ಹದಿನಾಲ್ಕು ಜನ ಕೊಟ್ಟರೆ ಮುಂದಿನ ವಾರಕ್ಕೆ ಏನು? ಸರ್ವರ್ ಕೆಟ್ಟರೆ ಯಾರು ಎದ್ದು ನೋಡಬೇಕು ಅಂತ ನಮ್ಮಲ್ಲಿ ಆನ್-ಕಾಲ್ ಪಟ್ಟಿ ಇರುತ್ತಲ್ಲ, ಅದನ್ನೇ ನಕಲು ಮಾಡಿದೆವು: ಹೆಸರು, ರಕ್ತದ ಗುಂಪು, ಯಾವ ವಾರ. ರಕ್ತ ಕೊಟ್ಟರೆ ಗಂಡಸರು ಮೂರು ತಿಂಗಳು ಕಾಯಬೇಕು. ಪ್ಲೇಟ್‌ಲೆಟ್‌ಗೆ 48 ಗಂಟೆ ಅಂತರ ಸಾಕು, ವಾರಕ್ಕೆ ಎರಡು ಸಲ ಮೀರುವಂತಿಲ್ಲ.

ಎಲ್ಲರೂ ಪಾಸಾಗಲಿಲ್ಲ. ಒಬ್ಬ ಹಿಂದಿನ ದಿನ ಆಸ್ಪಿರಿನ್ ನುಂಗಿದ್ದ, ವಾಪಸ್ ಕಳಿಸಿದರು. ಇಬ್ಬರಿಗೆ ನರ ಸಣ್ಣದು. ಆ ಇಬ್ಬರು ಬೇರೆ ಕೆಲಸ ಹಿಡಿದರು. ರೇಡಿಯೇಷನ್ ಅಂದರೆ ದಿನಕ್ಕೆ ಕೆಲವೇ ನಿಮಿಷ, ಆದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಎಷ್ಟೋ ವಾರ. ಬೀದರಿನಿಂದ ಬಂದವರು ಅಷ್ಟು ದಿನ ಎಲ್ಲಿರಬೇಕು? ಇನ್ಫೋಸಿಸ್ ಫೌಂಡೇಶನ್ ಕಟ್ಟಿಸಿದ ಧರ್ಮಶಾಲೆ ಅಲ್ಲಿದೆ. ಅಲ್ಲಿ ಜಾಗ ಸಿಗದ ಒಂದು ಕುಟುಂಬದ ರೂಮ್ ಬಾಡಿಗೆ, ಊಟ ಇವರದು. ಚಿಕಿತ್ಸೆ ಫ್ರೀ ಇದ್ದರೂ ಜನ ಅರ್ಧಕ್ಕೇ ಊರಿಗೆ ಹೊರಡೋದು ಈ ಖರ್ಚಿಗೆ ಹೆದರಿ. "ಹೊಸ ಟ್ಯಾಕ್ಸ್ ಪದ್ಧತಿಯಲ್ಲಿ 80ಜಿ ಕೂಡ ಸಿಗಲ್ಲ ಮಾರಾಯ" ಅಂತ ಒಬ್ಬ ಗೊಣಗಿದ. ಗೊಣಗುತ್ತಲೇ ಗೂಗಲ್ ಪೇ ಮಾಡಿದ.

ಹುಡುಗನಿಗೆ ಮೊದಲ ಸುತ್ತು ಮುಗಿದಿದೆ, ಇನ್ನೂ ಇದೆ. ಪಟ್ಟಿಯಲ್ಲಿ ಬರುವ ಗುರುವಾರ ನನ್ನ ಹೆಸರು. ಅಷ್ಟರಲ್ಲಿ ನೆಗಡಿ ಆಗದಿದ್ದರೆ ಸಾಕು.