‘ತಾನು ಬರುತ್ತೇನೆಂದನು’: ಪರೋಕ್ಷೋಕ್ತಿಯ ಎರಡು ಮಾರ್ಗಗಳು

ಒಬ್ಬನು ಆಡಿದ ಮಾತನ್ನು ಇನ್ನೊಬ್ಬನು ಮೂರನೆಯವನಿಗೆ ತಿಳಿಸುವ ಪ್ರಸಂಗವು ಲೋಕವ್ಯವಹಾರದಲ್ಲಿ ದಿನಕ್ಕೆ ಹತ್ತಾರು ಬಾರಿ ಒದಗುತ್ತದೆ. ಆಡಿದವನ ನುಡಿಯನ್ನು ಇದ್ದಂತೆಯೇ ಒಪ್ಪಿಸಿದರೆ ಅದು ಪ್ರತ್ಯಕ್ಷೋಕ್ತಿ. ತಿಳಿಸುವವನು ಅದನ್ನು ತನ್ನ ವಾಕ್ಯದೊಳಕ್ಕೆ ಹೊಂದಿಸಿಕೊಂಡು ಹೇಳಿದರೆ ಪರೋಕ್ಷೋಕ್ತಿ. ಇಂಗ್ಲಿಷ್ ವ್ಯಾಕರಣ ಗ್ರಂಥಗಳಲ್ಲಿ ಮೊದಲನೆಯದನ್ನು ಎರಡನೆಯದಾಗಿ ಪರಿವರ್ತಿಸುವ ಅಭ್ಯಾಸಕ್ಕೆ ಒಂದು ಪ್ರತ್ಯೇಕ ಅಧ್ಯಾಯವೇ ಮೀಸಲಾಗಿರುತ್ತದೆ. ಭಾರತದ ಶಾಲೆಗಳಲ್ಲಿ ಈ ಅಧ್ಯಾಯಕ್ಕೆ ದೊರೆತ ಪ್ರತಿಷ್ಠೆಗೆ 1930ರ ದಶಕದಿಂದ ಪ್ರಚಾರದಲ್ಲಿರುವ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವು ಬಹುಮಟ್ಟಿಗೆ ಕಾರಣ. ಆ ಜೋಡಿಯಲ್ಲಿ ಮೊದಲನೆಯವರಾದ ಪಿ. ಸಿ. ರೆನ್ ಅವರು ಅಂದಿನ ಮುಂಬಯಿ ಇಲಾಖೆಗೆ ಸೇರಿದ್ದ ಕರಾಚಿಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು. 1924ರಲ್ಲಿ ಹೊರಬಂದ ‘ಬೋ ಜೆಸ್ಟ್’ ಎಂಬ ಸಾಹಸದ ಕಾದಂಬರಿಯ ಕರ್ತೃವೂ ಅವರೇ ಎಂಬುದನ್ನು ಅವರ ವ್ಯಾಕರಣವನ್ನು ಉರುಹೊಡೆದ ಬಹುಮಂದಿ ಅರಿಯರು.

ವಡಾಲಾ ಮತ್ತು ಸಾಯನ್ ಕೋಳಿವಾಡಾಗಳ ನೆರೆಯ ಆಂಟಾಪ್ ಹಿಲ್ಲಿನಲ್ಲಿ ಕೇಂದ್ರ ಸರಕಾರದ ನೌಕರರ ವಸತಿಗೃಹಗಳು ಸೆಕ್ಟರು ಸೆಕ್ಟರುಗಳಾಗಿ ಹಬ್ಬಿವೆ. ಅಂತಹ ಕಾಲೊನಿಯಲ್ಲಿ ಒಂದೇ ಮೆಟ್ಟಿಲಸಾಲಿನ ಮನೆಗಳಲ್ಲಿ ಕನ್ನಡ, ಮರಾಠಿ, ತಮಿಳು, ಹಿಂದಿಗಳು ಕೇಳಿಬರುವುದು ಸಾಮಾನ್ಯ. ಅಲ್ಲಿ ಬೆಳೆಯುವ ಕನ್ನಡದ ಮಗುವಿಗೆ ‘ನಾನು ನಾಳೆ ಬರುತ್ತೇನೆ ಎಂದು ಅವನು ಹೇಳಿದನು’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳೆಂದರೆ, ‘ಹಿ ಸೆಡ್ ದ್ಯಾಟ್ ಐ ವಿಲ್ ಕಮ್ ಟುಮಾರೊ’ ಎಂದುಬಿಡುವ ಸಂಭವವೇ ಹೆಚ್ಚು. ಉಪಾಧ್ಯಾಯರು ಕೆಂಪು ಶಾಯಿಯಿಂದ ಮೂರು ಕಡೆ ಗೀಟು ಹಾಕುತ್ತಾರೆ: ‘ಐ’ ಎಂಬುದು ‘ಹಿ’ ಆಗಬೇಕು, ‘ವಿಲ್’ ಎಂಬುದು ‘ವುಡ್’ ಆಗಬೇಕು, ‘ಟುಮಾರೊ’ ಎಂಬುದು ‘ದ ನೆಕ್ಸ್ಟ್ ಡೇ’ ಆಗಬೇಕು. ಗೀಟು ನ್ಯಾಯವಾದುದೇ. ಆದರೆ ಆ ವಾಕ್ಯವನ್ನು ಬರೆದ ಮಗು ವ್ಯಾಕರಣವಿಲ್ಲದೆ ಬರೆದುದಲ್ಲ. ಇನ್ನೊಂದು ವ್ಯಾಕರಣವನ್ನು ಅತ್ಯಂತ ನಿಷ್ಠೆಯಿಂದ ಅನುಸರಿಸಿ ಬರೆದುದು.

ಆ ಇನ್ನೊಂದು ವ್ಯಾಕರಣದ ಕೀಲಿರುವುದು ‘ಎಂದು’ ಎಂಬ ಪುಟ್ಟ ಶಬ್ದದಲ್ಲಿ. ‘ಎನ್’ ಧಾತುವಿನಿಂದ ಹುಟ್ಟಿದ ಈ ರೂಪವು ಉದ್ಧರಣ ಚಿಹ್ನೆಯ ಕೆಲಸವನ್ನು ತಾನೇ ಮಾಡುತ್ತದೆ. ಇಂಗ್ಲಿಷಿನ ‘ದ್ಯಾಟ್’ ಮಾತಿನ ಮುಂದೆ ನಿಂತು, ಇನ್ನು ಬರುವುದೆಲ್ಲ ತಿಳಿಸುವವನ ವಾಕ್ಯದ ಅಂಗವೆಂದು ಸಾರಿದರೆ, ಕನ್ನಡದ ‘ಎಂದು’ ಮಾತಿನ ಹಿಂದೆ ನಿಂತು, ಇಲ್ಲಿಯವರೆಗಿನದು ಆಡಿದವನದು ಎಂದು ಮುದ್ರೆಯೊತ್ತುತ್ತದೆ. ಎರಡನ್ನೂ ಸಮಾನಾರ್ಥಕಗಳೆಂದು ಕಲಿಸುವುದರಲ್ಲಿಯೇ ತೊಡಕಿನ ಬೀಜವಿದೆ. ಉದ್ಧರಣ ಚಿಹ್ನೆಗಳ ಗಂಧವೇ ಇಲ್ಲದ ತಾಳೆಗರಿಯ ಕಾಲದಲ್ಲಿ ಕುಮಾರವ್ಯಾಸನ ಭಾರತದಂತಹ ಸಂವಾದಬಹುಳವಾದ ಕಾವ್ಯವು ಯಾರ ಮಾತು ಯಾರದೆಂಬ ಗೊಂದಲವಿಲ್ಲದೆ ಸಾಗಿದ್ದು ಈ ಧಾತುವಿನ ಬಲದಿಂದ. ಅಲ್ಲಿ ಅನೇಕ ಷಟ್ಪದಿಗಳು ‘ಎಂದ’ ಎಂಬಲ್ಲಿಗೆ ಮುಗಿಯುವುದನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ ವಿವರಿಸಬೇಕಾಗಿಲ್ಲ.

ಇಂಗ್ಲಿಷಿನ ಮಾರ್ಗವು ಬೇರೆ. ಅಲ್ಲಿ ತಿಳಿಸುವವನು ಮಾತನ್ನು ತನ್ನ ನೆಲೆಯಿಂದ ನೋಡುತ್ತಾನೆ. ಪುರುಷ, ಕಾಲ, ದೇಶ ಇವೆಲ್ಲ ಅವನು ನಿಂತ ಸ್ಥಾನಕ್ಕೆ ತಕ್ಕಂತೆ ತಿರುಗುತ್ತವೆ. ಡೇನಿಷ್ ಪಂಡಿತ ಓಟೊ ಯೆಸ್ಪರ್ಸನ್ ಅವರು 1924ರ ತಮ್ಮ ‘ವ್ಯಾಕರಣ ತತ್ತ್ವ’ ಗ್ರಂಥದಲ್ಲಿ ಈ ವಿಷಯಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾರೆ. ಶಾಲೆಯ ಪಟ್ಟಿಗಳು ಈ ತತ್ತ್ವವನ್ನು ಬಿಟ್ಟು ಬರಿಯ ಪದಗಳ ಜೋಡಿಗಳನ್ನು ಕೊಡುತ್ತವೆ: ‘ಹಿಯರ್’ ಇದ್ದಲ್ಲಿ ‘ದೇರ್’, ‘ಟುಮಾರೊ’ ಇದ್ದಲ್ಲಿ ‘ದ ನೆಕ್ಸ್ಟ್ ಡೇ’. ಪಟ್ಟಿಯನ್ನು ನಂಬಿದವನು ಬೇಗನೆ ಎಡವುತ್ತಾನೆ. ಆಂಟಾಪ್ ಹಿಲ್ಲಿನ ಮನೆಯಲ್ಲಿ ನಿಂತು ಒಬ್ಬಳು ‘ನಾನು ನಾಳೆ ಇಲ್ಲಿಯೇ ಇರುತ್ತೇನೆ’ ಎಂದಳೆನ್ನೋಣ. ಅದನ್ನು ವಾರ ಕಳೆದು ಧಾರವಾಡದಲ್ಲಿ ಹೇಳುವವನಿಗೆ ‘ದೇರ್’ ಬೇಕು, ‘ದ ನೆಕ್ಸ್ಟ್ ಡೇ’ ಬೇಕು. ಅದೇ ಸಂಜೆ ಅದೇ ಮನೆಯಲ್ಲಿ ಹೇಳುವವನಿಗೆ ‘ಹಿಯರ್’ ಎಂಬುದೂ ‘ಟುಮಾರೊ’ ಎಂಬುದೂ ಸರಿಯಾಗಿಯೇ ಇವೆ. ಬದಲಿಸಿದರೆ ಅರ್ಥವೇ ಕೆಡುತ್ತದೆ. ಭೂಮಿಯು ಸೂರ್ಯನನ್ನು ಸುತ್ತುತ್ತದೆ ಎಂಬಂತಹ ನಿತ್ಯಸತ್ಯದಲ್ಲಿ ಕ್ರಿಯಾಪದವು ಹಿಂದಿನ ಕಾಲಕ್ಕೆ ಸರಿಯಬೇಕಾಗಿಲ್ಲವೆಂಬ ‘ಅಪವಾದ’ವೂ ಈ ತತ್ತ್ವದ ಫಲವೇ: ತಿಳಿಸುವವನ ಕಾಲಕ್ಕೂ ಅದು ಸತ್ಯವಾಗಿ ಉಳಿದಿದೆ.

ಕನ್ನಡವಾದರೋ ಪುರುಷವನ್ನು ಬದಲಿಸಬಹುದು, ಕಾಲವನ್ನು ಮುಟ್ಟದು. ಪುರುಷವನ್ನು ಬದಲಿಸುವಾಗಲೂ ಅದು ಮಾಡುವ ಉಪಾಯವು ವಿಸ್ಮಯಕರವಾದುದು. ‘ಅವನು ತಾನು ನಾಳೆ ಬರುತ್ತೇನೆ ಎಂದನು’ ಎಂಬ ವಾಕ್ಯವನ್ನು ಗಮನಿಸಬೇಕು. ‘ತಾನು’ ಎಂಬುದು ಪ್ರಥಮಪುರುಷ, ‘ಅವನು’ ಎಂಬುದಕ್ಕೆ ಸೇರಿದ್ದು. ‘ಬರುತ್ತೇನೆ’ ಎಂಬುದು ಉತ್ತಮಪುರುಷದ ಕ್ರಿಯೆ. ಬಿಡಿ ವಾಕ್ಯದಲ್ಲಿ ‘ತಾನು ಬರುತ್ತೇನೆ’ ಎಂದರೆ ಯಾವ ಕನ್ನಡಿಗನೂ ಒಪ್ಪನು. ‘ಎಂದು’ ಎಂಬುದರ ನೆರಳಿನಲ್ಲಿ ಅದು ಲೋಪವೆಂದು ಯಾರಿಗೂ ತೋರುವುದಿಲ್ಲ. ಕರ್ತೃಪದವು ತಿಳಿಸುವವನ ಕಡೆಗೆ ಬಂದಿದೆ, ಕ್ರಿಯಾಪದವು ಆಡಿದವನ ಬಾಯಲ್ಲಿಯೇ ಉಳಿದಿದೆ. ಪ್ರತ್ಯಕ್ಷವೂ ಅಲ್ಲದ ಪರೋಕ್ಷವೂ ಅಲ್ಲದ ಈ ನಡುವಿನ ರೂಪಕ್ಕೆ ರೆನ್ ಮತ್ತು ಮಾರ್ಟಿನ್ ಅವರ ಚೌಕಟ್ಟಿನಲ್ಲಿ ಸ್ಥಾನವಿಲ್ಲ. ದ್ರಾವಿಡ ಭಾಷೆಗಳಲ್ಲಿ ಇದು ಕನ್ನಡದ ಏಕಾಂಗಿ ಸಾಹಸವೂ ಅಲ್ಲ. ತಮಿಳು ತೆಲುಗುಗಳಲ್ಲಿಯೂ ಇಂತಹ ಪ್ರಯೋಗವುಂಟು, ಇತ್ತೀಚಿನ ವರ್ಷಗಳಲ್ಲಿ ಪಾಶ್ಚಾತ್ಯ ಭಾಷಾವಿಜ್ಞಾನಿಗಳು ಅದರ ಮೇಲೆ ಬಹಳ ಚರ್ಚೆ ನಡೆಸಿದ್ದಾರೆ.

‘ತಾನು’ ಎಂಬುದರಿಂದ ಬರುವ ಸ್ಪಷ್ಟತೆಯು ಇಂಗ್ಲಿಷಿಗೆ ಇಲ್ಲ. ‘ಹಿ ಸೆಡ್ ದ್ಯಾಟ್ ಹಿ ಹ್ಯಾಡ್ ಟೇಕನ್ ದ ಮನಿ’ ಎಂದಾಗ ಹಣ ತೆಗೆದವನು ಹೇಳಿದವನೋ ಬೇರೊಬ್ಬನೋ ತಿಳಿಯದು. ಕನ್ನಡದಲ್ಲಿ ‘ತಾನು ತೆಗೆದೆನೆಂದನು’ ಎಂದರೆ ಒಂದು, ‘ಅವನು ತೆಗೆದನೆಂದನು’ ಎಂದರೆ ಸಾಮಾನ್ಯವಾಗಿ ಇನ್ನೊಂದು. ಆದರೆ ‘ತಾನು’ ಬಿಟ್ಟು ‘ನಾನು’ ಎಂದು ಬಳಸುವ ಆಡುಮಾತಿನಲ್ಲಿ ಅಪಾಯವು ಕಾದಿರುತ್ತದೆ. ‘ನಾನು ದುಡ್ಡು ತೆಗೆದೆ ಅಂತ ಅವನು ಹೇಳಿದ’ ಎಂದು ಒಬ್ಬ ಸಾಕ್ಷಿ ನುಡಿದರೆ, ಅದು ಅವನ ತಪ್ಪೊಪ್ಪಿಗೆಯೋ, ಸಾಕ್ಷಿಯ ಮೇಲೆ ಅವನು ಹೊರಿಸಿದ ಆರೋಪವೋ? ಕೇಳುವ ಕನ್ನಡಿಗನು ಸ್ವರಭಾರದಿಂದಲೂ ಸಂದರ್ಭದಿಂದಲೂ ಅರಿತಾನು. ಅದನ್ನು ಮರಾಠಿಗೋ ಇಂಗ್ಲಿಷಿಗೋ ತಿರುಗಿಸಿ ಕಾಗದಕ್ಕೆ ಇಳಿಸುವವನು ‘ಐ’ ಎಂದು ಬರೆದರೆ ಒಬ್ಬನು, ‘ಹಿ’ ಎಂದು ಬರೆದರೆ ಇನ್ನೊಬ್ಬನು ಸಿಕ್ಕಿಬೀಳುತ್ತಾನೆ.

ನೆರೆಹೊರೆಯ ಭಾಷೆಗಳು ಕನ್ನಡದ ಮಗುವಿನ ಪಕ್ಷದಲ್ಲಿಯೇ ಇವೆ. ತಮಿಳಿನ ‘ಎನ್ರು’ ನಮ್ಮ ‘ಎಂದು’ವಿನ ಸೋದರ. ಮರಾಠಿಯ ‘ಮ್ಹಣೂನ್’ ಕೂಡ ‘ಹೇಳು’ ಎಂಬರ್ಥದ ಧಾತುವಿನಿಂದ ಬಂದುದು; ‘ಮಳೆ ಬರುತ್ತದೆಂದು ಕೊಡೆ ತಂದನು’ ಎಂಬಲ್ಲಿ ‘ಎಂದು’ ಕಾರಣವನ್ನು ಸೂಚಿಸುವಂತೆಯೇ ‘ಪಾಊಸ್ ಯೇಈಲ್ ಮ್ಹಣೂನ್’ ಎಂಬುದೂ ಸೂಚಿಸುತ್ತದೆ. ನಮ್ಮ ‘ತಾನು’ವಿನಂತೆ ಅಲ್ಲಿ ‘ಆಪಣ್’ ಉಂಟು. ದಖನಿಯು ಇದೇ ಕೆಲಸಕ್ಕೆ ‘ಬೋಲ್ಕೆ’ ಎಂಬುದನ್ನು ಹೂಡಿದೆ. ಹಿಂದಿಯ ‘ಕಿ’ ಮಾತ್ರ ಇಂಗ್ಲಿಷಿನ ‘ದ್ಯಾಟ್’ನಂತೆ ಮುಂದೆ ನಿಂತರೂ ಅದರ ಬಳಿಕ ಬರುವ ‘ಮೈ ಕಲ್ ಆಊಂಗಾ’ ಎಂಬುದು ಇದ್ದಂತೆಯೇ ಇರುತ್ತದೆ. ಸಂಸ್ಕೃತದ ‘ಇತಿ’ ಇದಕ್ಕೆಲ್ಲ ಹಿರಿಯದು. ಆ ಪ್ರಯೋಗದಲ್ಲಿ ದ್ರಾವಿಡದ ಪ್ರಭಾವವಿರಬಹುದೆಂದು ಕೈಪರ್ ಅವರು 1967ರಲ್ಲಿ ವಾದಿಸಿದರು. ಭಾರತವನ್ನು ಒಂದು ಭಾಷಾವಲಯವೆಂದು ಎಮೆನೊ ಅವರು 1956ರಲ್ಲಿ ಪ್ರತಿಪಾದಿಸಿದ ಬಳಿಕ ಇಂತಹ ಚರ್ಚೆಗಳಿಗೆ ನೆಲೆ ದೊರೆಯಿತು. ಎಂದಮೇಲೆ ಆಂಟಾಪ್ ಹಿಲ್ಲಿನ ಮೆಟ್ಟಿಲಸಾಲಿನಲ್ಲಿ ಕೇಳುವ ಮನೆಮಾತುಗಳಲ್ಲಿ ಕಾಲವನ್ನು ಹಿಂದಕ್ಕೆ ಸರಿಸೆಂದು ಕಡ್ಡಾಯಮಾಡುವುದು ಯಾವುದೂ ಇಲ್ಲ. ಯೂರೋಪಿನಲ್ಲಿಯೂ ರಷ್ಯನ್ ಭಾಷೆ ಅದನ್ನು ಕೇಳುವುದಿಲ್ಲ.

ಕನ್ನಡದಲ್ಲಿ ಪೂರ್ಣ ಪರೋಕ್ಷೋಕ್ತಿಯೇ ಇಲ್ಲವೆಂದು ಇದರಿಂದ ತಿಳಿಯಬಾರದು. ‘ತಾನು ಮರುದಿನ ಬರುವುದಾಗಿ ಹೇಳಿದನು’, ‘ಹಣ ಕೊಟ್ಟಿರುವುದಾಗಿ ತಿಳಿಸಿದರು’ ಎಂಬ ರೂಪವು ವೃತ್ತಪತ್ರಿಕೆಗಳಿಗೂ ಕಚೇರಿಯ ಕಾಗದಗಳಿಗೂ ಒಗ್ಗಿಹೋಗಿದೆ. ಇಲ್ಲಿ ಕ್ರಿಯೆಯು ಕೃದಂತ ನಾಮವಾಗಿ, ಪುರುಷಪ್ರತ್ಯಯವನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಜಗಳಕ್ಕೆ ಎಡೆಯೂ ಕಡಿಮೆ, ಜೀವವೂ ಕಡಿಮೆ. ಆಜ್ಞೆಯಲ್ಲಿ ‘ಬಾ’ ಎಂಬುದು ‘ಬರುವಂತೆ ಹೇಳಿದರು’ ಎಂದಾಗುತ್ತದೆ. ಇದನ್ನು ಹಿಂದಕ್ಕೆ ತಿರುಗಿಸಿ ಪ್ರತ್ಯಕ್ಷೋಕ್ತಿ ಮಾಡೆಂದರೆ ಇಂಗ್ಲಿಷಿನಲ್ಲಿ ಕಷ್ಟವಿಲ್ಲ. ಕನ್ನಡದಲ್ಲಿ ‘ಬಾ’ ಎಂದರೋ, ‘ಬನ್ನಿ’ ಎಂದರೋ, ‘ದಯಮಾಡಿಸಬೇಕು’ ಎಂದರೋ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆಗಳಲ್ಲಿ ಇಂಗ್ಲಿಷ್ ಪದಕ್ರಮವನ್ನೇ ತಿರುವುತ್ತದೆ, ‘ಇಫ್’ ಅಥವಾ ‘ವೆದರ್’ ತರುತ್ತದೆ. ನಮ್ಮಲ್ಲಿ ‘ಬರುತ್ತೀಯಾ ಎಂದು ಕೇಳಿದನು’ ಎಂದರೆ ಮುಗಿಯಿತು. ‘ಅಯ್ಯೋ’ ಎಂಬ ಉದ್ಗಾರವನ್ನು ‘ದುಃಖದಿಂದ ಉದ್ಗರಿಸಿದನು’ ಎಂದು ಪರಿವರ್ತಿಸುವ ಶಾಲೆಯ ಪದ್ಧತಿಯಂತೂ ಯಾವ ಭಾಷೆಯಲ್ಲಿಯೂ ಯಾರೂ ಆಡದ ಮಾತು.

ಮಕ್ಕಳಿಗೆ ಈ ಅಧ್ಯಾಯವನ್ನು ಹೇಳಿಕೊಡುವವರು ಮೊದಲು ‘ತಾನು ಬರುತ್ತೇನೆಂದನು’ ಎಂಬುದನ್ನು ಕರಿಹಲಗೆಯ ಮೇಲೆ ಬರೆದು, ಕನ್ನಡವು ಎಷ್ಟು ದೂರ ಬಂದು ನಿಂತಿತೆಂದು ತೋರಿಸಿ, ಅಲ್ಲಿಂದ ಇಂಗ್ಲಿಷಿಗೆ ಇನ್ನೆಷ್ಟು ಹೆಜ್ಜೆಯೆಂದು ಎಣಿಸಿದರೆ ಕೆಲಸವು ಅರ್ಧ ಹಗುರವಾದೀತು. ಮನೆಯಲ್ಲಿ ತಂದೆತಾಯಿಗಳೂ ಇದನ್ನು ಮಾಡಬಹುದು. ಇದಕ್ಕೆ ಬೇಕಾದ ಸಾಮಗ್ರಿ ಮನೆಯ ಮಾತಿನಲ್ಲಿಯೇ ಇದೆ.

ಪರಿವರ್ತನೆಯ ನಿಯಮಗಳಿಗೆಲ್ಲ ಹೊರಗಾಗಿ ಉಳಿಯುವ ಇನ್ನೊಂದು ರೂಪವಿದೆ: ‘ಅಂತೆ’. ‘ಅವನೇ ಹೊಡೆದನಂತೆ’ ಎಂದಾಗ ಹೇಳಿದವರು ಯಾರೆಂಬುದು ವಾಕ್ಯದಲ್ಲಿಲ್ಲ; ನುಡಿಯುವವನು ತಾನು ಕಂಡಿಲ್ಲ, ಕೇಳಿದ್ದೇನೆ ಎಂಬುದಷ್ಟೇ ಅಲ್ಲಿದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ದೇ ಸೇ’, ‘ಇಟ್ ಇಸ್ ಸೆಡ್’ ಎಂದು ಪ್ರತ್ಯೇಕ ವಾಕ್ಯವನ್ನೇ ಹೂಡಬೇಕು. ಅವಸರದ ಭಾಷಾಂತರಕಾರನು ಒಂದು ಪ್ರತ್ಯಯಕ್ಕಾಗಿ ಅಷ್ಟು ಶ್ರಮಪಡದೆ ‘ಹಿ ಹಿಟ್ ಹಿಮ್’ ಎಂದು ಮುಗಿಸುತ್ತಾನೆ. ಕಂಡುದಕ್ಕೆ ಕಂಡವನೇ ಸಾಕ್ಷಿ ನುಡಿಯಬೇಕೆಂಬ 1872ರ ಸಾಕ್ಷ್ಯ ಅಧಿನಿಯಮದ ನಿಯಮವು, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಮುಂದುವರಿದಿದೆ. ‘ಅಂತೆ’ ಬಿಟ್ಟುಹೋದ ಹೇಳಿಕೆಯಲ್ಲಿ ಕೇಳಿದವನು ಕಂಡವನಾಗಿಬಿಡುತ್ತಾನೆ. ಆ ಕಾಗದವನ್ನು ಓದುವ ನ್ಯಾಯಾಧೀಶರಿಗೆ ಕನ್ನಡ ಬಾರದಿದ್ದರೆ ಅದು ತಿಳಿಯುವ ಬಗೆಯಿಲ್ಲ.