ಹಳೆಯ ಸ್ಮಾರ್ಟ್‌ಫೋನು ಚಾಲನೆಗೆ ಬಾರದಿದ್ದಲ್ಲಿ ಅನುಸರಿಸತಕ್ಕ ಕ್ರಮಗಳು

ಈ ಕಾಲದಲ್ಲಿ ಒಕ್ಕಲಿನ ಮನೆಯ ಸ್ಮಾರ್ಟ್‌ಫೋನು ಕೇವಲ ಮಾತುಕತೆಯ ಸಾಧನವಾಗಿ ಉಳಿದಿಲ್ಲ. 2019ರಲ್ಲಿ ಆರಂಭವಾದ ಪಿಎಂ-ಕಿಸಾನ್ ಯೋಜನೆಯ ದೃಢೀಕರಣಕ್ಕೆ ಬೇಕಾದ ಓಟಿಪಿ ಅದರಲ್ಲಿಯೇ ಬರುವುದು. 2020ರಿಂದ ಕರ್ನಾಟಕದ ರೈತರು ತಮ್ಮ ಹೊಲದಲ್ಲಿ ನಿಂತು ಬೆಳೆಯ ಚಿತ್ರವನ್ನು ತೆಗೆದು ತಾವೇ ಸಮೀಕ್ಷೆಯನ್ನು ದಾಖಲಿಸಲು ಅವಕಾಶವಾಗಿರುವುದೂ ಅದರಿಂದಲೇ. ಬೆಳೆಹಾನಿಯ ಪರಿಹಾರ, ವಿಮೆ ಮೊದಲಾದವುಗಳಿಗೆ ಈ ದಾಖಲೆಯು ಆಧಾರವಾಗಿರುವುದರಿಂದ, ಗೊತ್ತುಪಡಿಸಿದ ಅವಧಿಯ ಕೊನೆಯಲ್ಲಿ ಫೋನು ಚಾಲನೆಗೆ ಬಾರದೆ ಹೋದರೆ ಆಗುವ ನಷ್ಟವು ಫೋನಿನ ಬೆಲೆಗಿಂತ ಹೆಚ್ಚಾದೀತು.

ಎತ್ತು ಮಲಗಿದಲ್ಲಿ ಜಾಣನಾದ ರೈತನು ಮೊದಲು ಅದರ ಮೇವು ನೀರನ್ನು ವಿಚಾರಿಸಿ, ಅನಂತರ ವೈದ್ಯನನ್ನು ಕರೆಯುವನು. ಫೋನಿನ ವಿಷಯದಲ್ಲಿಯೂ ಇದೇ ಕ್ರಮವು ಯುಕ್ತವಾದುದು. ಕೆಲಸವು ಅವಸರದ್ದಾಗಿದ್ದರೆ ಸಿಮ್ ಕಾರ್ಡನ್ನು ತೆಗೆದು ಮನೆಯ ಬೇರೊಂದು ಫೋನಿಗೆ ಹಾಕಿಕೊಳ್ಳತಕ್ಕದ್ದು. ಸಂಖ್ಯೆಯು ಸಿಮ್ಮಿಗೆ ಸೇರಿದುದೇ ಹೊರತು ಫೋನಿಗಲ್ಲ. ಆದುದರಿಂದ ಓಟಿಪಿಯು ಅಲ್ಲಿಗೇ ಬರುವುದು.

ವಿದ್ಯುತ್ತಿನ ಪರೀಕ್ಷೆ

ಮೊದಲನೆಯದಾಗಿ, ಬೇರೆ ಫೋನಿನಿಂದ ಕರೆ ಮಾಡಿ ನೋಡಬೇಕು. ಪರದೆಯು ಕಪ್ಪಾಗಿದ್ದರೂ ಗಂಟೆ ಬಾರಿಸಿದರೆ ಫೋನಿಗೆ ಜೀವವಿದೆ, ಕೆಟ್ಟಿರುವುದು ಪರದೆ ಎಂದು ತಿಳಿಯಬಹುದು.

ಎರಡನೆಯದಾಗಿ, ಚಾರ್ಜರನ್ನೂ ಅದರ ವೈರನ್ನೂ ಬೇರೆಬೇರೆಯಾಗಿ ಬದಲಾಯಿಸಿ ಪರೀಕ್ಷಿಸಬೇಕು. ವೈರು ಬಾಗುವ ಕಡೆಯಲ್ಲಿ ಒಳಗೇ ತುಂಡಾಗಿರುವುದುಂಟು. ಸಾಮಾನ್ಯ ಚಾರ್ಜರುಗಳು 100ರಿಂದ 240 ವೋಲ್ಟಿನವರೆಗೆ ಕೆಲಸ ಮಾಡುವುದರಿಂದ ಹಳ್ಳಿಯ ಕಡಿಮೆ ವೋಲ್ಟೇಜಿನಿಂದ ಅವಕ್ಕೆ ಅಷ್ಟು ಬಾಧೆಯಿಲ್ಲ. ಆದರೆ ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದರೆ ಮನೆಯ ವೋಲ್ಟೇಜು 400ರ ಸಮೀಪಕ್ಕೆ ಏರಿ ಚಾರ್ಜರು ಸುಡಬಹುದು. ಪವರ್ ಬ್ಯಾಂಕಿನಿಂದ ಚಾರ್ಜು ಆಗುವುದಾದರೆ ದೋಷವು ಫೋನಿನದಲ್ಲವೆಂದು ಗೊತ್ತಾಗುವುದು.

ಮೂರನೆಯದಾಗಿ, ಚಾರ್ಜಿನ ರಂಧ್ರವನ್ನು ಬೆಳಕಿನಲ್ಲಿ ನೋಡಬೇಕು. ಅಂಗಿಯ ಜೇಬಿನ ನೂಲಿನ ಧೂಳು, ಹೊಲದ ಮಣ್ಣು ಅಲ್ಲಿ ಗಟ್ಟಿಯಾಗಿ ಕುಳಿತು ವೈರಿನ ತುದಿಯು ಪೂರ್ತಿ ಒಳಸೇರದಂತೆ ಮಾಡುವುವು. ಒಣಗಿದ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಹೊರತೆಗೆಯಬೇಕು. ಸೂಜಿ, ಪಿನ್ನು ಮೊದಲಾದ ಲೋಹದ ವಸ್ತುಗಳನ್ನು ಹಾಕಕೂಡದು.

ನಾಲ್ಕನೆಯದಾಗಿ, ಪೂರ್ತಿ ಬರಿದಾದ ಬ್ಯಾಟರಿಯು ಒಡನೆ ಯಾವ ಗುರುತನ್ನೂ ತೋರಿಸುವುದಿಲ್ಲ. ಅರ್ಧ ಗಂಟೆಯಾದರೂ ಚಾರ್ಜಿಗೆ ಬಿಟ್ಟು, ಅನಂತರ ಚಾಲನೆಯ ಗುಂಡಿಯನ್ನು 20ರಿಂದ 30 ಸೆಕೆಂಡು ಬಿಡದೆ ಒತ್ತಿ ಹಿಡಿಯಬೇಕು. ಕೆಲವು ಫೋನುಗಳಲ್ಲಿ ಅದರೊಡನೆ ಧ್ವನಿ ತಗ್ಗಿಸುವ ಗುಂಡಿಯನ್ನೂ ಒತ್ತಬೇಕಾಗುವುದು. ಸ್ತಬ್ಧವಾಗಿ ನಿಂತ ಫೋನು ಇದರಿಂದ ಮರಳಿ ಚಾಲನೆಗೆ ಬರುವುದುಂಟು.

ಮುದಿಯಾದ ಬ್ಯಾಟರಿ

ಲಿಥಿಯಂ ಅಯಾನ್ ಬ್ಯಾಟರಿಗಳು 1991ರಲ್ಲಿ ಮಾರಾಟಕ್ಕೆ ಬಂದುವು. ಇವು ಬಳಸಿದಂತೆಲ್ಲ ಸವೆಯುವ ವಸ್ತು. ಸಾಧಾರಣ ಫೋನಿನಲ್ಲಿ ಸುಮಾರು 500 ಸಲ ಪೂರ್ತಿ ಚಾರ್ಜು ಮಾಡುವಷ್ಟರಲ್ಲಿ ಧಾರಣಶಕ್ತಿಯು ಮೊದಲಿನ ನೂರರಲ್ಲಿ 80 ಪಾಲಿನಷ್ಟಕ್ಕೆ ಇಳಿಯುವುದು. ಇದರ ಸಂಗಡ ಬ್ಯಾಟರಿಯ ಒಳಗಿನ ವಿದ್ಯುತ್ ರೋಧವೂ ಹೆಚ್ಚುವುದು. ಹೊಲದಲ್ಲಿ ಕ್ಯಾಮೆರಾ, ಸ್ಥಳ ಗುರುತಿಸುವ ಜಿಪಿಎಸ್, ಅಂತರಜಾಲ ಮೂರೂ ಒಟ್ಟಿಗೆ ನಡೆಯುವಾಗ ಇಂಥ ಬ್ಯಾಟರಿಯ ವೋಲ್ಟೇಜು ಥಟ್ಟನೆ ಕುಸಿದು, 30 ಪಾಲು ಉಳಿದಿದೆಯೆಂದು ತೋರಿಸುತ್ತಿದ್ದ ಫೋನೂ ಆರಿಹೋಗುವುದು. ಇದಕ್ಕೆ ಹೊಸ ಬ್ಯಾಟರಿಯೇ ಸರಿಯಾದ ಉಪಾಯ. ಅಷ್ಟರವರೆಗೆ ಸಮೀಕ್ಷೆಗೆ ಹೊರಡುವಾಗ ಪವರ್ ಬ್ಯಾಂಕನ್ನು ಸಂಗಡ ಒಯ್ಯುವುದು ಒಳ್ಳೆಯದು.

ಅರ್ಧಕ್ಕೆ ನಿಲ್ಲುವ ಫೋನು

ತಯಾರಕರ ಚಿಹ್ನೆಯು ಕಾಣಿಸಿ, ಅಲ್ಲಿಯೇ ನಿಲ್ಲುವುದು ಇಲ್ಲವೆ ಮತ್ತೆಮತ್ತೆ ಮೊದಲಿನಿಂದ ಆರಂಭವಾಗುವುದು ಬೇರೆ ಬಗೆಯ ದೋಷವು. ಅದುಮಿಕೊಂಡೇ ಉಳಿದ ಗುಂಡಿ, ದುರ್ಬಲವಾದ ಬ್ಯಾಟರಿ, ಚಿತ್ರ ಚಲನಚಿತ್ರಗಳಿಂದ ತುಂಬಿಹೋದ ಸಂಗ್ರಹ, ಕೆಟ್ಟ ಆ್ಯಪ್ ಇವು ಇದರ ಸಾಮಾನ್ಯ ಕಾರಣಗಳು. ಹೊರಗಿನಿಂದ ಹಾಕಿದ ಮೆಮೊರಿ ಕಾರ್ಡನ್ನು ತೆಗೆದು ನೋಡಬೇಕು. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಆರಂಭದ ಸಮಯದಲ್ಲಿ ಧ್ವನಿ ತಗ್ಗಿಸುವ ಗುಂಡಿಯನ್ನು ಒತ್ತಿ ಹಿಡಿದರೆ, ಅನಂತರ ಸೇರಿಸಿದ ಆ್ಯಪ್‌ಗಳನ್ನು ಬದಿಗಿಟ್ಟು ಫೋನು ಸೇಫ್ ಮೋಡಿನಲ್ಲಿ ತೆರೆಯುವುದು. ಹಾಗೆ ತೆರೆದಲ್ಲಿ ಅನಾವಶ್ಯಕವಾದ ಆ್ಯಪ್‌ಗಳನ್ನೂ ಕಡತಗಳನ್ನೂ ತೆಗೆದುಹಾಕಬೇಕು.

ಎಲ್ಲವನ್ನೂ ಅಳಿಸಿ ಮೊದಲಿನ ಸ್ಥಿತಿಗೆ ತರುವ ಫ್ಯಾಕ್ಟರಿ ರಿಸೆಟ್ಟು ಕಟ್ಟಕಡೆಯ ಮಾರ್ಗವು. ಇನ್ನೂ ರವಾನೆಯಾಗದ ಹೊಲದ ಚಿತ್ರಗಳಿದ್ದರೆ ಅವೂ ಅಳಿದುಹೋಗುವುವು. ಇದಲ್ಲದೆ, 2015ರಿಂದೀಚೆಗೆ ಬಂದ ಆಂಡ್ರಾಯ್ಡ್ ಫೋನುಗಳಲ್ಲಿ ಹೀಗೆ ಅಳಿಸಿದ ಮೇಲೆ ಹಿಂದಿನ ಗೂಗಲ್ ಖಾತೆಯ ಗುಪ್ತಪದವನ್ನು ಕೇಳುವುದುಂಟು. ಮಗನೋ ಅಳಿಯನೋ ಮಾಡಿಕೊಟ್ಟ ಖಾತೆಯ ಗುಪ್ತಪದವು ಮನೆಯಲ್ಲಿ ಯಾರಿಗೂ ತಿಳಿಯದಿದ್ದರೆ, ಕೆಲಸ ಮಾಡುವ ಫೋನೂ ಬೀಗ ಹಾಕಿದ ಪೆಟ್ಟಿಗೆಯಂತಾಗುವುದು. ದುರಸ್ತಿಗೆ ಕೊಡುವಾಗ ತಮ್ಮ ಒಪ್ಪಿಗೆಯಿಲ್ಲದೆ ಏನನ್ನೂ ಅಳಿಸಕೂಡದೆಂದು ಮೊದಲೇ ಸ್ಪಷ್ಟವಾಗಿ ಹೇಳತಕ್ಕದ್ದು.

ಮಾಡಕೂಡದ ಕೆಲಸಗಳು

ಫೋನಿನ ಬೆನ್ನು ಉಬ್ಬಿದ್ದರೆ ಅಥವಾ ಪರದೆಯು ಮೇಲೆದ್ದಿದ್ದರೆ ಒಳಗೆ ಬ್ಯಾಟರಿಯು ಊದಿಕೊಂಡಿದೆಯೆಂದು ತಿಳಿದು ಚಾರ್ಜು ಮಾಡುವುದನ್ನು ಆ ಕ್ಷಣವೇ ನಿಲ್ಲಿಸಬೇಕು. ಅದನ್ನು ಚುಚ್ಚುವುದು, ಒತ್ತುವುದು, ಬಿಸಿಲಿಗಿಡುವುದು ಬೆಂಕಿಗೆ ಕಾರಣವಾಗುವುದು. ಹುಲ್ಲಿನ ಬಣವೆ, ಗೊಬ್ಬರದ ಚೀಲ, ಹಾಸಿಗೆಗಳಿಂದ ದೂರವಿರಿಸಿ, ಬಲ್ಲವರಿಂದ ತೆಗೆಸಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು, ತಿಪ್ಪೆಗೆ ಎಸೆಯಕೂಡದು. ನೀರಿಗೆ ಬಿದ್ದ ಫೋನನ್ನು ಕೂಡಲೇ ಆರಿಸಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಅಕ್ಕಿಯಲ್ಲಿ ಹೂಳುವ ರೂಢಿಯಿಂದ ಅದರ ಹುಡಿಯು ರಂಧ್ರಗಳಿಗೆ ಸೇರುವುದೇ ಲಾಭ. ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಲಾಗದು.

ಮುನ್ನೆಚ್ಚರಿಕೆ

ಫೋನು ಚೆನ್ನಾಗಿರುವಾಗಲೇ ಹೊಲದ ಚಿತ್ರಗಳು, ಪಹಣಿಯ ಪ್ರತಿ, ಮುಖ್ಯ ಸಂಖ್ಯೆಗಳು ಇವುಗಳ ನಕಲನ್ನು ಬೇರೆ ಕಡೆ ಇಟ್ಟುಕೊಳ್ಳಬೇಕು. ಖಾತೆಯ ಹೆಸರನ್ನೂ ಗುಪ್ತಪದವನ್ನೂ ಕಾಗದದಲ್ಲಿ ಬರೆದು ಜಮೀನಿನ ಪತ್ರಗಳೊಡನೆ ಭದ್ರಪಡಿಸಬೇಕು. ಸಮೀಕ್ಷೆಯನ್ನು ಕೊನೆಯ ದಿನಕ್ಕೆ ಉಳಿಸಿಕೊಳ್ಳಲಾಗದು. ಗ್ರಾಮದ ಮುಖಂಡರು ಈ ಸಂಗತಿಗಳನ್ನು ತಾವು ಅರಿತು, ಒಂದೇ ಹಳೆಯ ಫೋನನ್ನು ನೆಚ್ಚಿಕೊಂಡಿರುವ ಸಣ್ಣ ಹಿಡುವಳಿದಾರರಿಗೂ ತಿಳಿಯಪಡಿಸಿದರೆ, ಅನೇಕ ಕುಟುಂಬಗಳು ತಮಗೆ ನ್ಯಾಯವಾಗಿ ಸಲ್ಲತಕ್ಕ ಹಣವನ್ನು ಕಳೆದುಕೊಳ್ಳದೆ ಉಳಿಯುವುವು.