ಬೆಣ್ಣೆ ಸಂತೆಗೆ, ಮಜ್ಜಿಗೆ ಮನೆಗೆ

ಕನಕಪುರದಿಂದ ಕಾವೇರಿ–ಅರ್ಕಾವತಿ ಸಂಗಮದ ದಿಕ್ಕಿಗೆ ಹೊರಟರೆ ಸಿಗುವ ಉಯ್ಯಂಬಳ್ಳಿ ಹೋಬಳಿ ರಾಗಿ, ಹುರುಳಿ ಬೆಳೆಯುವ ಕಾಡಂಚಿನ ಸೀಮೆ. ಇಲ್ಲಿನ ಹೆಮ್ಮೆಯ ಹಳ್ಳಿಕಾರ್ ತಳಿ ಹೆಸರಾದದ್ದು ಎತ್ತುಗಳಿಂದ, ಹಾಲಿನಿಂದಲ್ಲ. ಕರು ಕುಡಿದು ಮಿಕ್ಕಿದ ಹಾಲಿಗೆ ಎಮ್ಮೆ ಹಾಲು ಕೂಡಿದರೆ ಮನೆಯ ಹೈನು. ಹಾಲು ಒಂದು ದಿನವೂ ತಡೆಯದು, ಪೇಟೆಯೋ ದೂರ. ಹಾಗಾಗಿ ಇಂಥ ಊರುಗಳ ಹೈನು ಹೊಸಿಲು ದಾಟುತ್ತಿದ್ದುದು ಬೆಣ್ಣೆಯಾಗಿ, ತುಪ್ಪವಾಗಿ. ಮೈಸೂರಿನ ಚಿಕ್ಕದೇವರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿದ ದನಗಳ ಇಲಾಖೆಯ ಹೆಸರೇ ‘ಬೆಣ್ಣೆ ಚಾವಡಿ’. ಟಿಪ್ಪುವಿನ ಕಾಲದಲ್ಲಿ ಅದು ‘ಅಮೃತ ಮಹಲ್’ ಆಯಿತು.

ಮನೆಯ ಬೆಣ್ಣೆ ಹೆಂಗಸರ ಕೈಕಸುಬು. ಬೆರಣಿಯ ಸಣ್ಣ ಉರಿಯಲ್ಲಿ ಹಾಲು ಕಾದು ಕೆನೆ ಕೆಂಪಾಗಬೇಕು. ಉಗುರುಬೆಚ್ಚಗಾದಾಗ ಹೆಪ್ಪು. ಬೆಳಗಿನ ಜಾವ ಮೊಸರಿನ ಗಡಿಗೆಯನ್ನು ಕಂಬದ ಬುಡಕ್ಕೆ ತಂದು, ಕಡಗೋಲನ್ನು ಕಂಬಕ್ಕೆ ಬಳ್ಳಿಹಾಕಿ ನಿಲ್ಲಿಸಿ, ಅದಕ್ಕೆ ಸುತ್ತಿದ ಹಗ್ಗದ ಎರಡು ತುದಿಯನ್ನು ಒಂದಾದ ಮೇಲೊಂದು ಎಳೆಯುತ್ತಿದ್ದರು. ಚಳಿಗಾಲಕ್ಕೆ ಒಂದಿಷ್ಟು ಬಿಸಿನೀರು, ಬೇಸಿಗೆಗೆ ತಣ್ಣೀರು ಬೆರೆಸಬೇಕು. ಕಾವು ಹೆಚ್ಚಾದರೆ ಬೆಣ್ಣೆ ಜಿಡ್ಡಾಗಿ ಕರಗುತ್ತದೆ, ಕಡಿಮೆಯಾದರೆ ಕೂಡುವುದೇ ಇಲ್ಲ. ಕಡೆದಂತೆ ಕೊಬ್ಬಿನ ಕಣಗಳ ಪೊರೆ ಹರಿದು, ಕಣಗಳು ಒಂದಕ್ಕೊಂದು ಅಂಟುತ್ತವೆ. ಸದ್ದು ಬದಲಾಗಿ, ಕಡಗೋಲಿನ ಹಲ್ಲಿಗೆ ರವೆಯಂಥ ಕಾಳು ಮೆತ್ತಿದರೆ ಬೆಣ್ಣೆ ಬಂತೆಂದೇ ಲೆಕ್ಕ. ಕೈ ಒದ್ದೆ ಮಾಡಿಕೊಂಡು ಉಂಡೆ ಎತ್ತಿ, ನೀರು ತಿಳಿಯಾಗುವವರೆಗೆ ತೊಳೆಯುತ್ತಿದ್ದರು. ಮಜ್ಜಿಗೆ ಅಂಶ ಉಳಿದರೆ ಬೆಣ್ಣೆ ಬೇಗ ಕಮಟುತ್ತದೆ. ಎಮ್ಮೆಯದಾದರೆ ಬಿಳಿ, ಹಸುವಿನದಾದರೆ ತಿಳಿಹಳದಿ. ಬೆಕ್ಕಿಗೆ ಎಟುಕದಂತೆ ನೆಲುವಿನಲ್ಲಿಟ್ಟು, ಸಾಕಷ್ಟು ಕೂಡಿದಾಗ ನುಗ್ಗೆಸೊಪ್ಪು ಹಾಕಿ ಕಾಯಿಸಿದರೆ ತುಪ್ಪ.

1974ರ ಸುಮಾರಿಗೆ ವಿಶ್ವಬ್ಯಾಂಕ್ ನೆರವಿನಲ್ಲಿ ರಾಜ್ಯದ ಹೈನು ಅಭಿವೃದ್ಧಿ ಯೋಜನೆ ಬಂತು, ಹಳ್ಳಿಗಳಲ್ಲಿ ಸಹಕಾರಿ ಡೇರಿಗಳು ಹುಟ್ಟಿದವು. ಹಾಲೇ ನೇರವಾಗಿ ಕಾಸಾಯಿತು. ಆ ಬಟವಾಡೆಯಿಂದ ಎಷ್ಟೋ ಮನೆಗಳ ಒಲೆ ಉರಿದಿದೆ, ಮಕ್ಕಳು ಓದಿದ್ದಾರೆ. ಅದನ್ನು ಮರೆಯುವಂತಿಲ್ಲ.

ಆದರೆ ಬೆಣ್ಣೆ ಮಾರಿದ ಮನೆಯಲ್ಲಿ ಮಜ್ಜಿಗೆ ಉಳಿಯುತ್ತಿತ್ತು. ಮುದ್ದೆಗೆ, ಅಂಬಲಿಗೆ, ಬಿಸಿಲಲ್ಲಿ ದುಡಿದು ಬಂದವರಿಗೆ, ಹೈನಿಲ್ಲದ ನೆರೆಮನೆಗೆ ಅದು ಹೋಗುತ್ತಿತ್ತು. ಕೊಬ್ಬು ಪೇಟೆಗೆ ಹೋದರೂ ಹಾಲಿನ ಸಾರ ಊರಲ್ಲೇ ನಿಲ್ಲುತ್ತಿತ್ತು. ಹಾಲನ್ನೇ ಡೇರಿಗೆ ಅಳೆದ ಮೇಲೆ ಎರಡೂ ಒಟ್ಟಿಗೆ ಹೊರಟವು. ಇಂದಿಗೂ ಕರಾವಿರುವ ಮನೆಯವರು ಒಂದು ಹೊತ್ತಿನ ಹಾಲನ್ನಾದರೂ ಹೆಪ್ಪಿಗೆ ಉಳಿಸಿಕೊಂಡರೆ, ಮಕ್ಕಳ ತಟ್ಟೆಗೆ ಬೆಣ್ಣೆಯ ಜೊತೆ ಮಜ್ಜಿಗೆಯೂ ಮರಳಿ ಬರುತ್ತದೆ.